ಒಂದೇ ಉಸಿರಿನ ಮಾತು

"ಕೈ ತೆಗೀರಿ ಅಲ್ಲಿಂದ!"

ಅವಳು ಕೂಗಿದ್ದು ಮಾಸ್ಕಿನೊಳಗಿಂದ, ಅದರ ಮೇಲೊಂದು ಪ್ಲಾಸ್ಟಿಕ್ ಮುಖಕವಚದೊಳಗಿಂದ. ಹಾಗಾಗಿ ಕೂಗು ಬೆದರಿಕೆಯಂತೆ ಕೇಳಿಸದೆ ಕೊಡದೊಳಗೆ ತಲೆಯಿಟ್ಟು ಮಾತಾಡಿದ ಹಾಗೆ ಕೇಳಿಸಿತು.

ಬಾಗಿಲ ಮುಂದಿದ್ದವನು ತಿರುಗಿಯೂ ನೋಡಲಿಲ್ಲ. ಕೆಂಪು ಸ್ಟಿಕರಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಗಾಯದ ಪಟ್ಟಿ ಬಿಚ್ಚುವವನ ತಾಳ್ಮೆಯಿಂದ ಎಳೆಯುತ್ತಿದ್ದ. 'ಸೋಂಕಿತರ ಮನೆ. ಪ್ರವೇಶ ಇಲ್ಲ.' ಅಷ್ಟು ಹೊತ್ತಿಗೆ 'ಪ್ರವೇಶ' ಹರಿದುಹೋಗಿ 'ಇಲ್ಲ' ಮಾತ್ರ ಉಳಿದಿತ್ತು.

ಅವನ ಎರಡೂ ಕೈ ಮೊಣಕೈವರೆಗೆ ನೀಲಿ.

"ಏನ್ರೀ ಮಾಡ್ತಾ ಇದೀರಿ?"

"ಬಾಗಿಲು ಒರೆಸ್ತಾ ಇದೀನಿ. ಗಲೀಜಾಗಿತ್ತು."

"ಅದು ಸರ್ಕಾರದ ನೋಟಿಸು!"

"ಅದಕ್ಕೇ ಒರೆಸ್ತಾ ಇರೋದು."

ಆಮೇಲೆ ತಿರುಗಿದ. ತಿರುಗಿ ಶುರು ಮಾಡಿದ.

"ನೋಡಿ ಸಿಸ್ಟರ್, ಈ ಮನೇಲಿರೋದು ನಮ್ಮ ಅತ್ತಿಗೆ, ಜ್ವರ ಬಂದಾಗ ತಾವಾಗೇ ನಿಮ್ಮ ಟೆಂಟಿಗೆ ಬಂದು ಮೂಗು ಕೊಟ್ರು, ನೀವು ಪಾಸಿಟಿವ್ ಅಂದ್ರಿ, ಬಾಗಿಲಿಗೆ ಕೆಂಪು ಅಂಟಿಸಿ ಹೋದ್ರಿ, ಅದನ್ನ ನೋಡಿ ಮನೆ ಮಾಲೀಕ ಸಾಮಾನು ಹೊರಗಿಡು ಅಂದ, ಕಾರ್ಖಾನೆಯವರು ಇನ್ನು ಬರಬೇಡ ಅಂದ್ರು, ನಾಳೆಯಿಂದ ಈ ಬೀದೀಲಿ ಯಾರಿಗೆ ಜ್ವರ ಬಂದ್ರೂ ಕದ ಹಾಕ್ಕೊಂಡು ಮೂಗು ಮುಚ್ಕೊಂಡು ಕೂರ್ತಾರೆ, ಆಮೇಲೆ ನಿಮ್ಮ ಕಡ್ಡೀನ ಎಲ್ಲಿಗೆ ಹಾಕ್ತೀರಿ, ಈ ಬಾಗಿಲ ಬೀಗದ ತೂತಿಗಾ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಸಿಟ್ಟಿನ ನಡುವೆಯೇ ಕಸುಬಿನ ಬುದ್ಧಿ ಒಂದು ವಿಷಯವನ್ನು ಗುರುತು ಹಾಕಿಕೊಂಡಿತು. ಇಷ್ಟುದ್ದದ ಮಾತಿನಲ್ಲಿ ಇವನು ಒಮ್ಮೆಯೂ ಉಸಿರೆಳೆದುಕೊಳ್ಳಲಿಲ್ಲ.

'ಮಹಾಶಯರ ಶ್ವಾಸಕೋಶ ಮಾತ್ರ ಗಟ್ಟಿಯಾಗಿದೆ...'

ಕಿಟಕಿಯೊಳಗಿಂದ ಕೆಮ್ಮು, ಕೆಮ್ಮಿನ ಹಿಂದೆಯೇ ಹೆಂಗಸಿನ ದನಿ ಬಂತು. "ಲೋ ಮೈಕು, ಆ ಹುಡುಗಿ ಬಿಸಿಲಲ್ಲಿ ಪ್ಲಾಸ್ಟಿಕ್ ಸುತ್ಕೊಂಡು ಬೆಂದು ಹೋಗ್ತಿದಾಳೆ. ಭಾಷಣ ಸಾಕು, ಕುಡಿಯೋಕೆ ನೀರು ಕೊಡೋ!"

ಆ ಬೀದಿಗೆ ಬಣ್ಣದ ಬೀದಿ ಎನ್ನುತ್ತಿದ್ದರು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಒಂದು ತುದಿಗೆ, ಬಣ್ಣ ಹಾಕುವವರ ಮನೆಗಳು ಉಳಿದುದ್ದಕ್ಕೂ. ಇವನು ನೀಲಿ ತೊಟ್ಟಿಯ ಕೆಲಸದವನು. ಕಾರ್ಖಾನೆಯ ಗೇಟಿನಲ್ಲಿ ಸಂಘದವರು ಸೇರಿದಾಗ ಮೈಕಿಲ್ಲದೆ ಮಾತಾಡುತ್ತಿದ್ದ, ಹಾಗಾಗಿ ಅವನೇ ಮೈಕು. ಅವಳು ಆರೋಗ್ಯ ಕೇಂದ್ರದ ನರ್ಸು. ಬೀದಿಯ ತುದಿಯ ಟೆಂಟಿನಲ್ಲಿ ಮೂಗಿಗೆ ಕಡ್ಡಿ ಹಾಕುತ್ತಿದ್ದಳು, ಹಾಗಾಗಿ ಅವಳು ಕಡ್ಡಿ ಸಿಸ್ಟರ್.

ಕಾಯಿಲೆಗೆ ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ಆದ್ದರಿಂದ ಕಾಯಿಲೆಯನ್ನು ಮನೆಗೆ ಕಳಿಸಲಾಗಿತ್ತು. ಜೊತೆಗೆ ಒಂದು ಪೊಟ್ಟಣ: ಜ್ವರದ ಮಾತ್ರೆ, ಥರ್ಮಾಮೀಟರು, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು, ಒಂದು ಕರಪತ್ರ. ರೋಗಿಯು ಪ್ರತ್ಯೇಕ ಕೋಣೆಯಲ್ಲಿರಬೇಕು, ಪ್ರತ್ಯೇಕ ಶೌಚಾಲಯ ಬಳಸಬೇಕು ಎಂದು ಕರಪತ್ರ ಹೇಳುತ್ತಿತ್ತು. ಅದನ್ನು ಬರೆದವರು ಬಣ್ಣದ ಬೀದಿಯ ಮನೆಗಳನ್ನು ನೋಡಿರಲಿಲ್ಲ. ನೋಡಿದ್ದರೂ ಮನೆಯೆಂದು ಗುರುತಿಸುತ್ತಿರಲಿಲ್ಲ.

"ಪ್ರತ್ಯೇಕ ಕೋಣೆಯಂತೆ!" ಅತ್ತಿಗೆ ಮಲಗಿದಲ್ಲಿಂದಲೇ ನಕ್ಕಳು. "ನಮಗೆ ಗೋಡೇನೇ ಪ್ರತ್ಯೇಕ ಇಲ್ಲ ಕಣಮ್ಮ. ಪಕ್ಕದ ಮನೆಯವರದ್ದೂ ನಮ್ಮದೂ ಒಂದೇ ಗೋಡೆ. ಅವರು ಆ ಕಡೆಯಿಂದ ಮೊಳೆ ಹೊಡೆದ್ರೆ ನಾವು ಈ ಕಡೆ ಅಂಗಿ ನೇತುಹಾಕ್ತೀವಿ."

ಅವಳು ಮಾತಾಡುತ್ತಲೇ ಇದ್ದಳು. ಲಾರಿ ಓಡಿಸುವ ಗಂಡ ಲಾರಿಯ ಜೊತೆಗೇ ದೂರದಲ್ಲೆಲ್ಲೋ ಸಿಕ್ಕಿಬಿದ್ದಿದ್ದು, ಮಗುವಿಗೆ ಹಲ್ಲು ಬರುತ್ತಿರುವುದು, ಮೈದುನನಿಗೆ ಹೆಣ್ಣು ಸಿಗದಿರುವುದು... ಸಿಸ್ಟರು ಕೇಳುತ್ತಲೇ ಅವಳ ಬೆರಳಿಗೆ ಆಕ್ಸಿಮೀಟರು ಕಚ್ಚಿಸಿದಳು. ತೊಂಬತ್ತಕ್ಕಿಂತ ಕೆಳಗೆ!

ಆಂಬುಲೆನ್ಸಿಗೆ ಫೋನು ಮಾಡಲು ಕೈ ಹೋಯಿತು. ಆದರೆ ಅತ್ತಿಗೆಯ ಬಾಯಿ ನಿಂತಿರಲೇ ಇಲ್ಲ.

'ಉಸಿರಿಲ್ಲದವರು ಇಷ್ಟು ಮಾತಾಡೋಕೆ ಸಾಧ್ಯಾನೇ ಇಲ್ಲ!'

ಆಗ ಅವಳ ಕಣ್ಣು ಆ ಬೆರಳಿನ ಮೇಲೆ ಬಿತ್ತು. ಉಗುರಿನ ಸಂದಿಯವರೆಗೂ ನೀಲಿ. ಯಂತ್ರ ನೋಡುವುದು ಬೆಳಕನ್ನು, ಬೆಳಕು ಹಾಯಬೇಕಾದಲ್ಲಿ ಬಣ್ಣ ಕೂತಿದೆ. ಕಾರ್ಖಾನೆಯಲ್ಲಿ ಬೂಟು ಹಾಕುವುದರಿಂದ ಕಾಲು ಮಾತ್ರ ಬೆಳ್ಳಗಿತ್ತು. ಕಾಲಿನ ಬೆರಳಿಗೆ ಕಚ್ಚಿಸಿದಳು. ತೊಂಬತ್ತೇಳು.

"ಈ ಬೀದೀಲಿ ಕೈಬೆರಳು ಸುಳ್ಳು ಹೇಳುತ್ತೆ," ಎಂದಳು. "ಕಾಲ್ಬೆರಳಿಗೆ ಹಾಕಿ. ಜೊತೆಗೆ ಮಾತು ಕೇಳಿಸಿಕೊಳ್ಳಿ. ಮಾತು ಉದ್ದಕ್ಕಿದ್ರೆ ಉಸಿರಿದೆ ಅಂತ ಅರ್ಥ."

"ಹಾಗಾದ್ರೆ ನಮ್ಮ ಮೈಕು ಸಾಯೋದೇ ಇಲ್ಲ ಬಿಡು!" ಎಂದಳು ಅತ್ತಿಗೆ.

ಹೊಸಿಲಾಚೆ ನಿಂತಿದ್ದವನು ಮೊದಲ ಸಲ ನಕ್ಕ. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅಷ್ಟು ಸಾಕಾಯಿತು ಅವಳಿಗೆ, ಅಂದು ಮನೆಗೆ ಹೋಗಿ ಸ್ನಾನ ಮಾಡುವಾಗ ಕಾರಣವಿಲ್ಲದೆ ಹಾಡು ಗುನುಗಲು!

ಅವಳು ಸ್ಟಿಕರು ಅಂಟಿಸುವುದನ್ನು ಬಿಟ್ಟಳು. ಹೇಳಿ ಬಿಡಲಿಲ್ಲ, ಸುಮ್ಮನೆ ಬಿಟ್ಟಳು.

"ಆದ್ರೆ ಯಾವ ಮನೇಲಿ ರೋಗಿ ಇದಾರೆ ಅಂತ ನನಗೆ ಗೊತ್ತಾಗ್ಬೇಕಲ್ಲ," ಎಂದು ಅವನನ್ನೇ ಕೇಳಿದಳು.

ಅವನು ತಲೆಯೆತ್ತಿ ತೋರಿಸಿದ. ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಹಗ್ಗಗಳು, ಹಗ್ಗಗಳ ತುಂಬ ಒಣಗುವ ನೂಲು, ಬಟ್ಟೆ, ಎಲ್ಲ ಬಣ್ಣ.

"ರೋಗಿ ಇರೋ ಮನೆಯವರು ಹಗ್ಗದ ತುದಿಗೆ ಒಂದು ಹಳದಿ ಚೂರು ಕಟ್ತಾರೆ. ಇಷ್ಟು ಬಣ್ಣದಲ್ಲಿ ಅದ್ಯಾವ ಮಾಲೀಕನಿಗೆ ಕಾಣುತ್ತೆ? ಕಾಣಬೇಕಾದೋರಿಗೆ ಕಾಣುತ್ತೆ."

'ಕಾಣಬೇಕಾದೋರು' ಎನ್ನುವಾಗ ಅವನು ಅವಳನ್ನೇ ನೋಡುತ್ತಿದ್ದ. ಅವಳು ಹಗ್ಗವನ್ನು ನೋಡಿದಳು.

ಟೆಂಟಿಗೆ ಜನ ಬರತೊಡಗಿದರು. ಅವನೇ ಕರೆತರುತ್ತಿದ್ದ. ಔಷಧಿಯ ಪೆಟ್ಟಿಗೆ ಹೊತ್ತು ಅವಳಿಂದ ಒಂದಾಳು ದೂರ ಬಿಟ್ಟು ನಡೆಯುತ್ತಿದ್ದ. ಆ ದೂರ ಕರಪತ್ರದ ನಿಯಮ. ಅದನ್ನು ಹಾಳು ಮಾಡಲು ಇಬ್ಬರಿಗೂ ಮನಸ್ಸಿತ್ತು, ಇಬ್ಬರೂ ಮಾಡಲಿಲ್ಲ. 'ನೀವು' ಮಾತ್ರ ಯಾವಾಗಲೋ 'ನೀನು' ಆಗಿತ್ತು.

ಆಮೇಲೊಂದು ಬೆಳಿಗ್ಗೆ ಆರೋಗ್ಯ ಕಚೇರಿಯ ಮೇಲ್ವಿಚಾರಕ ತಂಡ ಕಟ್ಟಿಕೊಂಡು ಬಂದ.

ನೇರವಾಗಿ ಹಳದಿ ಚೂರಿದ್ದ ಮನೆಗಳಿಗೆ ಹೋದರು. ಒಂದನ್ನೂ ಬಿಡಲಿಲ್ಲ, ಒಂದೂ ತಪ್ಪಲಿಲ್ಲ. ಕೆಂಪು, ಕೆಂಪು, ಕೆಂಪು. ಮಧ್ಯಾಹ್ನದ ಹೊತ್ತಿಗೆ ಮನೆ ಮಾಲೀಕರು ಹೊರಹಾಕಿದ ಪಾತ್ರೆ, ಹಾಸಿಗೆ, ಜ್ವರದ ಮೈಗಳು ಬೀದಿಯಲ್ಲಿದ್ದವು. ಸಾರ್ವಜನಿಕರ ಸುರಕ್ಷತೆಗಾಗಿ ಎಂದು ಧ್ವನಿವರ್ಧಕ ಹೇಳುತ್ತಿತ್ತು. ಹೊರಗೆ ಬಿದ್ದವರು ಯಾವ ಸಾರ್ವಜನಿಕರೆಂದು ಅದು ಹೇಳಲಿಲ್ಲ.

ಅವನು ಟೆಂಟಿನ ಮುಂದೆ ಬಂದು ನಿಂತ.

"ಹಳದಿ ಚೂರಿನ ವಿಷಯ ನಿಮ್ಮ ಕಡೆಯವರಲ್ಲಿ ನಿನಗೊಬ್ಬಳಿಗೇ ಗೊತ್ತಿದ್ದಿದ್ದು."

ನಾನಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಿಜವಾಗಿಯೂ ಅವಳಲ್ಲ. ಮೂಗಿನಿಂದ ತೆಗೆದ ಮಾದರಿಯ ಕೊಳವೆಗೆ ಅಂಟಿಸುವ ವಿಳಾಸ ಪ್ರಯೋಗಾಲಯದಿಂದ ಕಚೇರಿಗೆ ಹೋಗುತ್ತಿತ್ತು. ಇಷ್ಟು ದಿನ ಅದನ್ನು ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ, ಅಷ್ಟೇ. ಆದರೆ...

'ಇವನು ಕೇಳ್ತಾ ಇಲ್ಲ, ಹೇಳ್ತಾ ಇದಾನೆ. ಇಷ್ಟು ದಿನ ಜೊತೆಗೆ ನಡೆದವನು!'

"ನಿನಗೆ ಹಾಗನಿಸಿದ್ರೆ ಹಾಗೇ ಇರಲಿ," ಎಂದಳು.

"ನಂಬಿದ್ದೆ," ಎಂದ. ತಿರುಗಿ ಹೋದ.

ಅವನ ಬಾಯಿಂದ ಅವಳು ಕೇಳಿದ ಅತಿ ಚಿಕ್ಕ ಭಾಷಣ ಅದು.

ಸ್ಟಿಕರು ಅಂಟಿಸದ ತಪ್ಪಿಗೆ ಕಚೇರಿ ಅವಳನ್ನು ಬೀದಿಯಿಂದ ತೆಗೆದು ಫೋನಿನ ಮೇಜಿಗೆ ಹಾಕಿತು. ಸ್ಟಿಕರು ಅಂಟಿಸಿದಳೆಂದು ಬೀದಿ ಅವಳನ್ನು ಬಯ್ಯುತ್ತಿತ್ತು. ಎರಡೂ ಕಡೆಯ ಶಿಕ್ಷೆ ಒಬ್ಬಳಿಗೇ ಸಿಗುವುದು ಅಪರೂಪವೇನಲ್ಲ, ಕೆಳಗಿನವರಿಗೆ ಸಾಮಾನ್ಯವಾಗಿ ಹೀಗೇ ಸಿಗುತ್ತದೆ.

ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮನೆಯಲ್ಲೇ ಚಿಕಿತ್ಸೆಯಲ್ಲಿದ್ದವರನ್ನು ವಿಚಾರಿಸುವುದು ಅವಳ ಕೆಲಸವಾಯಿತು. ಜ್ವರ ಎಷ್ಟು, ಆಕ್ಸಿಜನ್ ಎಷ್ಟು, ಊಟ ಸೇರುತ್ತಾ, ವಾಸನೆ ಗೊತ್ತಾಗುತ್ತಾ.

ಹೊಸ ರೋಗಿಗಳ ನಡುವೆ ಒಂದು ದಿನ ಅವನೂ ಇದ್ದ.

ಬೀದಿಗೆ ಬಿದ್ದವರ ಸಾಮಾನುಗಳನ್ನು, ಮುದುಕರನ್ನು ಹೊತ್ತು ಹೊತ್ತು ಸೋಂಕು ತಂದುಕೊಂಡಿದ್ದ. ಮನೆಯಲ್ಲಿ ಮಗು ಇದ್ದುದರಿಂದ ನೂಲು ಇಡುವ ಅಟ್ಟಕ್ಕೆ ಏಣಿ ಹತ್ತಿ ಹೋಗಿ ಮಲಗಿದ್ದ. ಯಾರೂ ಮೇಲೆ ಬರಕೂಡದೆಂದು ಅಪ್ಪಣೆ ಮಾಡಿದ್ದ.

ಅವಳು ನಂಬರು ಒತ್ತಿದಳು.

"ನಾನು... ಆರೋಗ್ಯ ಕೇಂದ್ರದಿಂದ. ಜ್ವರ ಇದೆಯಾ?"

"ಹೂಂ."

"ಕೆಮ್ಮು?"

"ಹೂಂ."

"ಆಕ್ಸಿಜನ್ ಎಷ್ಟು ತೋರಿಸ್ತಾ ಇದೆ?"

"ಎಂಬತ್ತೊಂಬತ್ತು."

"ಕೈಬೆರಳಿಗೆ ಹಾಕಿದ್ರಾ?"

"ಹೂಂ."

ನೀಲಿ ಬೆರಳು. ಅಲ್ಲಿ ಹಾಗೇ ತೋರಿಸುತ್ತದೆ. "ಕಾಲ್ಬೆರಳಿಗೆ ಹಾಕಿ ನೋಡ್ಬೇಕು. ನಿಮಗೆ ಗೊತ್ತಿದೆಯಲ್ಲ."

"ಆಗಲ್ಲ."

"ಯಾಕಾಗಲ್ಲ?"

ಉತ್ತರ ಬರಲಿಲ್ಲ. ಫೋನು ಕಟ್ಟಾಯಿತು.

'ಆಗಲ್ಲವಂತೆ! ನನ್ನ ಮಾತು ಕೇಳೋಕಾಗಲ್ಲ, ಅಷ್ಟೇ!'

ಮಾರನೆಯ ದಿನವೂ 'ಹೂಂ', 'ಆಗಲ್ಲ'. ಅವಳು ಬೇಕೆಂದೇ ದನಿಯನ್ನು ಇನ್ನಷ್ಟು ಸರ್ಕಾರಿ ಮಾಡಿಕೊಂಡಳು. ಅವನು ಒಂದು ಸಲ "ನಾನು..." ಎಂದು ಶುರು ಮಾಡಿ ನಿಂತ. ಅವಳು ಕಾದಳು. ಏನೂ ಬರಲಿಲ್ಲ. ಸರಿ, ಹೇಳಲು ಇಷ್ಟವಿಲ್ಲದಿದ್ದರೆ ಬೇಡ! ಈ ಸಲ ಅವಳೇ ಕಟ್ ಮಾಡಿದಳು. ಮಾಡಿದ ಮೇಲೆ ಕಣ್ಣು ತುಂಬಿತು. ಪಕ್ಕದ ಮೇಜಿನವಳು ನೋಡಬಾರದೆಂದು ಹೆಡ್‌ಫೋನು ಸರಿಪಡಿಸಿಕೊಳ್ಳುವವಳಂತೆ ತಲೆ ಬಗ್ಗಿಸಿದಳು.

ಮುಂದಿನ ಫೋನು ಬೇರೊಂದು ಬಡಾವಣೆಯ ಮುದುಕನ ಮನೆಯದು. ಎತ್ತಿದ್ದು ಮಗಳು.

"ಅಪ್ಪ ಆರಾಮಾಗಿದಾರೆ ಮೇಡಂ. ಯಾಕೋ ಸ್ವಲ್ಪ ಮುನಿಸು, ಅಷ್ಟೇ. ಏನು ಕೇಳಿದ್ರೂ ಹೂಂ, ಊಹೂಂ."

"ಮುನಿಸು ಅಂತ ಬಿಡಬೇಡಿ," ಎಂದಳು. ಅದು ದಿನವೂ ಎಲ್ಲರಿಗೂ ಹೇಳುತ್ತಿದ್ದ ಪಾಠ, ನಾಲಿಗೆಗೆ ತಾನಾಗಿ ಬರುತ್ತಿತ್ತು. "ಒಂದು ಪೂರ್ತಿ ವಾಕ್ಯ ಒಂದೇ ಉಸಿರಲ್ಲಿ ಹೇಳೋಕೆ ಆಗುತ್ತಾ ಅಂತ ಕೇಳಿ. ಮಾತು ತುಂಡಾದ್ರೆ, ಸುಮ್ಮನೆ ಹೂಂ ಅಂತಿದ್ರೆ, ಅದು ಸಿಟ್ಟಲ್ಲ. ಅದು..."

ಮಾತು ಅಲ್ಲೇ ನಿಂತಿತು.

"ಅದು ಏನು ಮೇಡಂ? ...ಹಲೋ?"

ಆ ಪ್ರಶ್ನೆಯನ್ನು ಅವಳು ಎಲ್ಲರಿಗೂ ಕೇಳಿದ್ದಳು. ಅವನೊಬ್ಬನಿಗೆ ಕೇಳಿರಲಿಲ್ಲ. ಅವನ ಮೌನದ ಅರ್ಥ ತನಗೆ ಗೊತ್ತೆಂದುಕೊಂಡಿದ್ದಳು! ಕಾಲ್ಬೆರಳಿಗೆ ಹಾಕಲು ಬಗ್ಗಬೇಕು. ಬಗ್ಗಿದರೆ ಉಸಿರು ಕಟ್ಟುತ್ತದೆ. ಆಗಲ್ಲ ಅಂದರೆ ಆಗಲ್ಲ ಎಂದೇ ಅರ್ಥ. ಅವನು ಇದ್ದದ್ದನ್ನೇ ಹೇಳಿದ್ದ. ಅವಳು ನರ್ಸಾಗಿ ಕೇಳಿಸಿಕೊಳ್ಳದೆ ಮುನಿದ ಹುಡುಗಿಯಾಗಿ ಕೇಳಿಸಿಕೊಂಡಿದ್ದಳು.

ಮುದುಕನ ಮನೆಗೆ ಈಗಲೇ ಡಾಕ್ಟರನ್ನು ಕಳಿಸುವಂತೆ ಪಕ್ಕದವಳಿಗೆ ಹೇಳಿ, ಆಕ್ಸಿಮೀಟರು, ಮಾಸ್ಕು, ಗವಸು ಬಾಚಿಕೊಂಡು ಹೊರಟಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಬಣ್ಣದ ಬೀದಿಯಲ್ಲಿ ಹೆಂಗಸರು ನಲ್ಲಿಯ ಹತ್ತಿರ ನಿಂತಿದ್ದರು.

"ಬಂದಳು ನೋಡ್ರೇ, ಅಂಟಿಸೋಳು! ಇವತ್ತು ಯಾರ ಬಾಗಿಲಿಗಮ್ಮಾ?"

"ಬಯ್ಯೋದನ್ನ ಆಮೇಲೆ ಬಯ್ಯಿರಿ," ಎಂದಳು ಓಡುತ್ತಲೇ. "ಈಗ ದಾರಿ ಬಿಡಿ!"

ಅತ್ತಿಗೆ ಏಣಿಯ ಬುಡದಲ್ಲಿ ಮಗುವನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. "ಮೇಲೆ ಬಂದ್ರೆ ಇಳಿದು ಓಡಿಹೋಗ್ತೀನಿ ಅಂತಾನೆ. ಊಟದ ತಟ್ಟೆ ಹಾಗೇ ವಾಪಸ್ ಬಂತು. ಏನೋ ಕೋಪ ಅವನಿಗೆ..."

"ಕೋಪ ಅಲ್ಲ ಅತ್ತಿಗೆ." ತನಗೂ ಅವಳು ಅತ್ತಿಗೆಯಾದದ್ದು ಯಾವಾಗ ಎಂದು ಸಿಸ್ಟರಿಗೆ ತಿಳಿಯಲಿಲ್ಲ.

ಅಟ್ಟದಲ್ಲಿ ನೂಲಿನ ಮೂಟೆಗಳಿಗೆ ಒರಗಿ ಕೂತಿದ್ದ. ಕತ್ತಿನ ನರಗಳು ಒಂದೊಂದು ಉಸಿರಿಗೂ ಎದ್ದು ಬೀಳುತ್ತಿದ್ದವು. ಅವಳನ್ನು ನೋಡಿ ಕೈಯೆತ್ತಿದ. ಬರಬೇಡ ಎಂದೋ ಬಂದೆಯಾ ಎಂದೋ, ತಿಳಿಯಲಿಲ್ಲ.

ಅವಳು ಅವನ ಕಾಲ ಬಳಿ ಕೂತು, ಬೆಳ್ಳನೆಯ ಕಾಲ್ಬೆರಳಿಗೆ ಯಂತ್ರ ಕಚ್ಚಿಸಿದಳು.

ಎಂಬತ್ತಾರು. ಈ ಸಲ ಸುಳ್ಳಲ್ಲ.

"ನಾನು... ಸ್ಟಿಕರು... ನೀನಲ್ಲ..."

"ಮಾತಾಡಬೇಡ! ಬೋರಲು ಮಲಗು. ಎದೆ ಕೆಳಗೆ ದಿಂಬು. ಹಾಂ, ಹಾಗೇ. ಮಾತು ಆಮೇಲೆ."

ಆಂಬುಲೆನ್ಸಿನವರು ಕಾಯಿರಿ ಎಂದರು. ಆಸ್ಪತ್ರೆಯವರು ಹಾಸಿಗೆ ಇಲ್ಲ ಎಂದರು. ಫೋನಿನಲ್ಲಿ ಸಿಕ್ಕ ಡಾಕ್ಟರು ಎಲ್ಲ ಕೇಳಿಸಿಕೊಂಡು, ಆಕ್ಸಿಜನ್ ಇಳಿದಿರುವುದರಿಂದ ಈಗ ಯಾವ ಮಾತ್ರೆ ಶುರು ಮಾಡಬೇಕೆಂದು ಹೇಳಿದರು. ಕೊನೆಗೆ, "ಆಮ್ಲಜನಕದ ಯಂತ್ರ ಎಲ್ಲಾದರೂ ಸಿಗುತ್ತಾ ನೋಡಿ, ಸಿಸ್ಟರ್. ಸಿಕ್ಕರೆ ಅಲ್ಲೇ ಉಳಿಸಬಹುದು."

ಅವಳು ಅಟ್ಟದ ಬಾಯಿಂದ ಕೆಳಗೆ ಬಗ್ಗಿ ಅದನ್ನೇ ಕೇಳಿದಳು.

ಯಂತ್ರ ಇತ್ತು. ಬೀದಿಯ ತುದಿಯಲ್ಲೇ ಇತ್ತು. ಕಾರ್ಖಾನೆಯ ಅತಿಥಿ ಕೋಣೆಯಲ್ಲಿ, ಮಾಲೀಕರ ಮನೆಯವರಿಗೆ ಒಂದು ವೇಳೆ ಬೇಕಾದರೆ ಎಂದು, ಮೇಲೊಂದು ಬಟ್ಟೆ ಹೊದಿಸಿ ಇಟ್ಟಿದ್ದರು. ಮಾಲೀಕರ ಮನೆಯವರೆಲ್ಲ ಆರೋಗ್ಯವಾಗಿದ್ದರು. ಅದನ್ನು ದಿನವೂ ಒರೆಸುತ್ತಿದ್ದವಳು ನಲ್ಲಿಯ ಹತ್ತಿರ ನಿಂತವರಲ್ಲೇ ಒಬ್ಬಳು.

ಗೇಟಿನಲ್ಲಿ ಮಾತಾಡುವವನು ಅಟ್ಟದಲ್ಲಿ ಬೋರಲು ಮಲಗಿದ್ದ. ಈಗ ಯಾರು ಮಾತಾಡಬೇಕು?

ಅತ್ತಿಗೆ ಮಗುವನ್ನು ಪಕ್ಕದವಳ ಕೈಗಿತ್ತಳು. ಸೆರಗು ಸಿಕ್ಕಿಸಿಕೊಂಡಳು. ಹಿಂದೆ ಹತ್ತಾರು ಹೆಂಗಸರು ಹೊರಟರು.

"ಮ್ಯಾನೇಜರೇ," ಎಂದಳು ಗೇಟಿನಲ್ಲಿ, ದನಿಯನ್ನೇನೂ ಏರಿಸದೆ. "ನಿಮ್ಮ ಒಳಗೊಂದು ಯಂತ್ರ ಮಲಗಿದೆ. ನಮ್ಮ ಒಳಗೊಬ್ಬ ಹುಡುಗ ಮಲಗಿದಾನೆ. ಇಬ್ಬರಲ್ಲಿ ಯಾರನ್ನ ಎಬ್ಬಿಸೋಣ, ನೀವೇ ಹೇಳಿ. ನಾವು ಇಲ್ಲೇ ಕೂತಿರ್ತೀವಿ."

ಕೂತರು. ಸ್ವಲ್ಪ ಹೊತ್ತಿಗೆ ತೊಟ್ಟಿಗಳ ಹತ್ತಿರದವರೂ ಕೆಲಸ ಬಿಟ್ಟು ಬಂದು ಕೂತರು. ಬಣ್ಣದಲ್ಲಿ ಬಿಟ್ಟ ನೂಲು ಹೊತ್ತಿಗೆ ಸರಿಯಾಗಿ ಮೇಲೆತ್ತದಿದ್ದರೆ ಕೆಟ್ಟುಹೋಗುತ್ತದೆ. ಮ್ಯಾನೇಜರಿಗೆ ಹುಡುಗನ ವಿಷಯದಲ್ಲಿ ಅರ್ಥವಾಗದ್ದು ನೂಲಿನ ವಿಷಯದಲ್ಲಿ ಬೇಗ ಅರ್ಥವಾಯಿತು. ಗೇಟು ತೆರೆಯಿತು.

ಏಣಿಯ ಮೇಲೆ ಯಂತ್ರವನ್ನು ಹತ್ತಿಸಿದವರು ಬೆಳಿಗ್ಗೆ ಅವಳನ್ನು ಬಯ್ದವರೇ.

ಅವಳು ದಿನವೂ ಬಂದಳು. ಕಚೇರಿ ಎಚ್ಚರಿಕೆ ಕೊಟ್ಟಿತು. ಆಮೇಲೆ ಜನ ಸಾಲದೆ ಸುಮ್ಮನಾಯಿತು. ಯಂತ್ರ ಗುರುಗುಡುತ್ತಿತ್ತು. ಅವನು ಬೋರಲು ಮಲಗಿರುತ್ತಿದ್ದ. ಅವಳು ಕಾಲ್ಬೆರಳು ನೋಡುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಮಾತಿಗೆ ಅವಕಾಶ ಕೊಡುತ್ತಿರಲಿಲ್ಲ. ಅಂಕಿ ತೊಂಬತ್ತು ದಾಟಿದ ದಿನ ಕೆಳಗಿಳಿದು ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡಳು. ತುಂಬ ಹೊತ್ತು ತೊಳೆದುಕೊಂಡಳು. ಹೆಂಗಸರು ನೋಡಿಯೂ ನೋಡದವರಂತೆ ಕೊಡ ತುಂಬಿಸಿಕೊಂಡರು.

ಯಂತ್ರ ಬೇರೊಂದು ಮನೆಗೆ ಹೋಯಿತು. ಅಲ್ಲಿಂದ ಮತ್ತೊಂದಕ್ಕೆ. ಅತಿಥಿ ಕೋಣೆಗೆ ವಾಪಸು ಹೋಗಲಿಲ್ಲ.

ಅವನು ಏಣಿ ಇಳಿದ ದಿನ ಹಗ್ಗಗಳ ಮೇಲೆ ಹೊಸ ನೂಲು ಒಣಗುತ್ತಿತ್ತು. ಅವಳು ಕೊನೆಯ ತಪಾಸಣೆಗೆ ಬಂದಿದ್ದಳು. ಕೆಲಸವಿಲ್ಲದೆ ಹಲವು ದಿನ ಕಳೆದು ಅವನ ಕೈ ತೆಳು ನೀಲಿಗೆ ಇಳಿದಿತ್ತು.

"ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸು," ಎಂದಳು, ಅವನ ಮುಖ ನೋಡದೆ.

"ಎಣಿಸಲ್ಲ. ಮಾತಾಡ್ತೀನಿ."

"ಸರಿ, ಮಾತಾಡು."

ಅವನು ಎದೆ ತುಂಬ ಗಾಳಿ ಎಳೆದುಕೊಂಡ.

"ಅವತ್ತು ಹೇಳಿದ್ದು ನೀನಲ್ಲ ಅಂತ ಅವತ್ತೇ ಸಂಜೆ ಗೊತ್ತಾಯ್ತು, ಪರೀಕ್ಷೆ ಮಾಡಿಸಿಯೂ ಹಳದಿ ಕಟ್ಟದೇ ಇದ್ದ ಮನೆಗೂ ಅವರು ಅಂಟಿಸಿದ್ರು, ವಿಳಾಸ ಕೊಳವೆ ಜೊತೆಗೇ ಹೋಗುತ್ತೆ ಅಂತ ಆಮೇಲೆ ತಿಳೀತು, ಕ್ಷಮಿಸು ಅನ್ನೋಕೆ ಬರೋಣ ಅಂದ್ರೆ ಜ್ವರ ಬಂತು, ಫೋನಲ್ಲಿ ಹೇಳೋಣ ಅಂದ್ರೆ ಉಸಿರು ಸಾಲಲಿಲ್ಲ, ಹೂಂ ಅನ್ನೋಕಷ್ಟೇ ಸಾಲ್ತಿತ್ತು, ನಿನ್ನ ದನಿ ಕಟ್ಟಾಗಬಾರದು ಅಂತ ಅದನ್ನೇ ಅಂದೆ, ಸತ್ತುಹೋದ್ರೆ ಇವಳು ನನಗೆ ಸಿಟ್ಟಿತ್ತು ಅಂದ್ಕೊಂಡೇ ಇದ್ದುಬಿಡ್ತಾಳಲ್ಲ ಅಂತ ಭಯ ಆಯ್ತು, ಸಾಯೋದಕ್ಕಿಂತ ಅದಕ್ಕೇ ಜಾಸ್ತಿ ಭಯ ಆಯ್ತು, ನೀನಂದ್ರೆ ನನಗೆ ಇಷ್ಟ, ತುಂಬ ಇಷ್ಟ, ನನ್ನ ಜೊತೆ ಇದ್ದುಬಿಡ್ತೀಯಾ?"

ಕೊನೆಯ ಪದಕ್ಕೆ ದನಿ ಸ್ವಲ್ಪ ಅಲುಗಾಡಿತು. ತುಂಡಾಗಲಿಲ್ಲ.

ಕಿಟಕಿಯ ಹಿಂದೆ ಅತ್ತಿಗೆ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳು ಹಗ್ಗವನ್ನು ನೋಡಿದಳು, ನೂಲನ್ನು ನೋಡಿದಳು, ನೋಡಲು ಇನ್ನೇನೂ ಉಳಿಯದೆ ಅವನನ್ನು ನೋಡಿದಳು.

"ಹೂಂ."

"ನಾನು ಅಷ್ಟುದ್ದ ಹೇಳಿದ್ದಕ್ಕೆ ಇಷ್ಟೇನಾ?" ಅವನ ಕಣ್ಣುಗಳು ಮಾಸ್ಕಿನ ಮೇಲೆ ನಗುತ್ತಿದ್ದವು. "ಉಸಿರು ಕಟ್ತಾ ಇದೆಯಾ ಸಿಸ್ಟರ್?"

"ಹೂಂ."

ಅವನು ಅವಳ ಕೈಯಿಂದ ಆಕ್ಸಿಮೀಟರು ತೆಗೆದುಕೊಂಡು ಅವಳ ಬೆರಳಿಗೇ ಕಚ್ಚಿಸಿದ.

"ಆಕ್ಸಿಜನ್ ಸರಿಯಾಗೇ ಇದೆ. ಎದೆ ಯಾಕೆ ಹೀಗೆ ಓಡ್ತಾ ಇದೆ?"

"ಕೈಬೆರಳನ್ನ ನಂಬಬೇಡ. ಕಾಲ್ಬೆರಳಿಗೆ ಹಾಕಿ ನೋಡು."

ತಮಾಷೆಗೆ ಹೇಳಿದ್ದು. ಅವನು ನಿಜವಾಗಿಯೂ ಬಗ್ಗಿದ. ಬಗ್ಗಿ, ಮಂಡಿಯೂರಿ, ಅವಳ ಚಪ್ಪಲಿಯನ್ನು ಮೆಲ್ಲಗೆ ಸರಿಸಿದ. ಅವಳು ಕಣ್ಣು ಮುಚ್ಚಿ ಅವನ ಉಸಿರನ್ನು ಕೇಳಿಸಿಕೊಂಡಳು. ಒಳಗೆ, ಹೊರಗೆ, ಒಳಗೆ, ಹೊರಗೆ... ಎಲ್ಲೂ ಕಟ್ಟಲಿಲ್ಲ.

"ಏನು ತೋರಿಸ್ತಿದೆ?"

"ಇಲ್ಲೂ ಓಡ್ತಾನೇ ಇದೆ."

"ಹಾಗಾದ್ರೆ ನಿಜ ಇರಬೇಕು," ಎಂದಳು.